ಕೈ ಬಿಟ್ಟ ಗಳಿಗೆ

ಮೆಕ್ ಸೋಮ್ ಅಡುಗೆಮನೆಯಲ್ಲಿ ಒಂಟಿಕಾಲಲ್ಲಿ ನಿಲ್ಲುವುದನ್ನು ಕಲಿಯುತ್ತಿದ್ದಾಳೆ ಎನ್ನುವ ಸುದ್ದಿ ಕಡಲ ದಂಡೆಯ ಊರು ತುಂಪಾಟಿನ ಮಾರುಕಟ್ಟೆಗೆ ಮುಟ್ಟಿದಾಗ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೊಸೆ ಸುರಾಯಾ ಮಾತ್ರ ನಗಲಿಲ್ಲ.

"ಏನೇ ಸುರಾಯಾ, ನಿಮ್ಮತ್ತೆ ಕೊಕ್ಕರೆ ಆಗ್ತಿದಾಳಂತೆ?" ಎಂದು ಎದುರಿನ ಕಟ್ಟೆಯಲ್ಲಿ ಸೊಪ್ಪು ಮಾರುವ ಜೈನಬ್ ಕೂಗಿ ಕೇಳಿದಳು.

"ಆಸ್ಪತ್ರೆಯವರು ಹೇಳಿಕೊಟ್ಟಿರೋದು. ಸಂಧಿವಾತದವರಿಗೆ ಕಾಲಲ್ಲಿ ಹಿಡಿತ ಇರಲ್ಲ, ಬೀಳ್ತಾರೆ. ಬೀಳಬಾರದು ಅಂತ."

"ಒಳ್ಳೇದಾಯ್ತು ಬಿಡು. ಇವತ್ತು ನಿಂತಳು, ನಾಳೆ ನಡೆದಳು, ನಾಳಿದ್ದು ಇಲ್ಲಿಗೇ ಬಂದಳು. ಆವಾಗ ನೀನೆಲ್ಲಿ ಕೂತ್ಕೋತೀಯ, ನನ್ನ ತೊಡೆ ಮೇಲಾ?"

ಸುರಾಯಾ ಒಣಮೀನಿನ ಮೇಲಿನ ನೊಣ ಓಡಿಸಿದಳು. ಈ ಮಾತನ್ನು ಅವಳು ಯಾರೂ ಕೇಳುವ ಮೊದಲೇ ತನ್ನನ್ನು ತಾನು ಕೇಳಿಕೊಂಡಿದ್ದಳು.

ಕಟ್ಟೆ ಮೆಕ್ ಸೋಮಳದು. ಮದುವೆಯಾಗಿ ಬಂದಾಗಿನಿಂದ ಅಲ್ಲಿ ಕಾಲು ಮಡಚಿ ಕೂತು ಒಣಮೀನು, ಮೀನಿನ ಹಪ್ಪಳ, ಬುದು ಮಾರಿದವಳು. ಉಪ್ಪಿನಲ್ಲಿ ಸಣ್ಣ ಮೀನು ಹುದುಗಿಸಿ ತೆಗೆದ ಆ ಕಪ್ಪು ರಸ ತಟ್ಟೆಯ ಪಕ್ಕದಲ್ಲಿಲ್ಲದಿದ್ದರೆ ಆ ಊರಿನವರಿಗೆ ಅನ್ನ ಗಂಟಲಿಗಿಳಿಯದು; ಅವಳ ಬುದುವಿಗೆ ದೂರದ ಹಳ್ಳಿಗಳಿಂದ ಗಿರಾಕಿಗಳು ಬರುತ್ತಿದ್ದರು. ಆಮೇಲೆ ಸಂಧಿವಾತ ಬಂತು. ಮೊದಲು ಬೆರಳ ಗೆಣ್ಣುಗಳಿಗೆ, ಆಮೇಲೆ ಮಣಿಕಟ್ಟಿಗೆ, ಕೊನೆಗೆ ಪಾದಕ್ಕೆ. ಬೆಳಗ್ಗೆ ಎದ್ದು ಕಾಲೂರಿದರೆ ನೆಲದ ಮೇಲೆ ಯಾರೋ ಜಲ್ಲಿ ಸುರಿದ ಹಾಗೆ. ಒಂದು ದಿನ ಕಟ್ಟೆ ಹತ್ತಲು ಹೋಗಿ ಬುದುವಿನ ಬಾಟಲಿಗಳ ಮೇಲೆಯೇ ಬಿದ್ದಳು. ಅಂದಿನಿಂದ ಸೊಸೆ ಅಲ್ಲಿ ಕೂತಳು. ಯಾವ ಮೀನಿಗೆ ಯಾವ ಹೆಸರು ಎಂದು ಗೊತ್ತಿಲ್ಲದ ಹುಡುಗಿ ನಾಲ್ಕು ವರ್ಷದಲ್ಲಿ ತನ್ನದೇ ಗಿರಾಕಿಗಳನ್ನು ಮಾಡಿಕೊಂಡಳು. ಹಪ್ಪಳವನ್ನು ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಬಣ್ಣದ ಚೀಟಿ ಅಂಟಿಸಿದಳು. ಪ್ರವಾಸದ ಬಸ್ಸಿನವರು ಈಗ ಅವಳ ಮುಂದೆಯೇ ನಿಲ್ಲುತ್ತಿದ್ದರು.

ವಿಚಿತ್ರವೆಂದರೆ, ಅತ್ತೆಯ ವ್ಯಾಯಾಮಕ್ಕೆ ಪಕ್ಕದಲ್ಲಿ ನಿಲ್ಲಬೇಕಾದವಳೂ ಅವಳೇ.

ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವ ನಾಜೀರಾ ಎಂಬ ಹೆಂಗಸು ಸುರಾಯಾಳನ್ನು ಹತ್ತಿರ ಕರೆದು ತೋರಿಸಿಕೊಟ್ಟಿದ್ದಳು. "ನಿಮ್ಮ ಕೈ ಇವರ ಮೊಣಕೈ ಕೆಳಗೆ ಇರಲಿ. ಆದರೆ ಮುಟ್ಟಬೇಡಿ. ನೀವು ಹಿಡ್ಕೊಂಡ್ರೆ ಇವರ ಕಾಲು ಏನೂ ಕಲಿಯಲ್ಲ. ವಾಲಿದ್ರೆ ಮಾತ್ರ ಹಿಡೀಬೇಕು."

"ನೋವಾದ್ರೆ?" ಎಂದು ಮೆಕ್ ಸೋಮ್ ಕೇಳಿದ್ದಳು.

"ಸ್ವಲ್ಪ ಆಗುತ್ತೆ. ಆಮೇಲೆ ಕಡಿಮೆ ಆಗಬೇಕು. ಮಾರನೇ ದಿನಕ್ಕೂ ಉಳಿದ್ರೆ ಜಾಸ್ತಿ ಮಾಡಿದೀರಿ ಅಂತ ಅರ್ಥ. ಕೀಲು ಬಿಸಿಯಾಗಿ ಊದಿರೋ ದಿನ ಆ ಕೀಲಿಗೆ ಬಿಡುವು ಕೊಡಿ. ಆದರೆ ಮಲಗಿಬಿಡಬೇಡಿ. ಮಾತ್ರೆ ಉರಿ ಇಳಿಸುತ್ತೆ, ಸೊರಗಿದ ಕಾಲಿಗೆ ಬಲ ತುಂಬಲ್ಲ."

ಹಾಗಾಗಿ ದಿನಾ ಬೆಳಗ್ಗೆ, ಸುರಾಯಾ ಮಾರುಕಟ್ಟೆಗೆ ಹೊರಡುವ ಮೊದಲು, ಅಡುಗೆಮನೆಯ ಸಿಂಕಿನ ಮುಂದೆ ಇವರ ಕಸರತ್ತು. ಮೆಕ್ ಸೋಮ್ ಮೊದಲು ಬಿಸಿನೀರಿನ ಬೋಗುಣಿಯಲ್ಲಿ ಕೈ ಅದ್ದಿ ಬೆರಳು ಬಿಡಿಸಿಕೊಳ್ಳುವಳು. ಕೈಯೂರದೆ ಕುರ್ಚಿಯಿಂದ ಏಳುವಳು, ಕೂರುವಳು, ಮತ್ತೆ ಏಳುವಳು. ಸಿಂಕು ಹಿಡಿದು ಹಿಮ್ಮಡಿ ಎತ್ತುವಳು, ಒಂಟಿಕಾಲಲ್ಲಿ ನಿಲ್ಲುವಳು. ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು, ಹಗ್ಗದ ಮೇಲೆ ನಿಂತವಳಂತೆ ಕಣ್ಣು ಗೋಡೆಗೆ ನೆಟ್ಟು ನಿಲ್ಲುವಳು.

ಮಾವ ದೆರಾಮನ್‌ಗೆ ಇದನ್ನು ನೋಡಲಾಗುತ್ತಿರಲಿಲ್ಲ. ದೋಣಿ ಕಟ್ಟುವ ಬಡಗಿಯಾಗಿದ್ದವನು. ಈಗ ಕಣ್ಣು ಮಂಜಾಗಿ ಕೆಲಸ ಬಿಟ್ಟಿದ್ದ. ಮನೆಯಲ್ಲೆಲ್ಲರೂ ಅವನನ್ನು ಪೊಕ್ ಎನ್ನುತ್ತಿದ್ದರು, ಅಪ್ಪ ಎಂದಂತೆ; ಅವಳನ್ನು ಮೆಕ್, ಅಮ್ಮ ಎಂದಂತೆ.

"ಜೀವಮಾನವೆಲ್ಲ ದುಡಿದಿದೀಯ. ಕೂತ್ಕೊಂಡು ತಿನ್ನು ಅಂದ್ರೆ ಯಾಕೆ ಹೀಗೆ ಸರ್ಕಸ್ಸು?"

"ಕೂತ್ಕೊಂಡು ತಿಂದೇ ಹೀಗಾಗಿರೋದು. ನೀನು ಹೊರಗೆ ಹೋಗು, ನಿನ್ನ ಮುಖ ನೋಡಿದ್ರೆ ನಂಗೆ ಕಾಲು ನಡುಗುತ್ತೆ."

"ಬಿದ್ದು ಸೊಂಟ ಮುರ್ಕೊಂಡ್ರೆ ನಾನು ನೋಡ್ಕೊಳ್ಳಲ್ಲ, ಹೇಳಿದೀನಿ."

"ಈಗೇನು ನೋಡ್ಕೊಂಡು ಸವೆದು ಹೋಗಿದೀಯಾ?"

ಸುರಾಯಾಳಿಗೆ ನಗು ಬರುತ್ತಿತ್ತು. ಕೈ ಮಾತ್ರ ಅತ್ತೆಯ ಮೊಣಕೈ ಕೆಳಗೆ ಅಲುಗದೆ ಇರುತ್ತಿತ್ತು. ಮೊದಲ ವಾರಗಳಲ್ಲಿ ಮೆಕ್ ಸೋಮ್ ಪ್ರತಿ ಸಲವೂ ವಾಲುತ್ತಿದ್ದಳು, ಪ್ರತಿ ಸಲವೂ ಆ ಕೈ ಅವಳನ್ನು ಹಿಡಿಯುತ್ತಿತ್ತು. ಬರಬರುತ್ತ ವಾಲುವುದು ಕಡಿಮೆಯಾಯಿತು. ಬಚ್ಚಲಿಗೆ ಗೋಡೆ ಹಿಡಿಯದೆ ಹೋದಳು. ಹಿತ್ತಿಲ ಮೆಟ್ಟಿಲಿಳಿದು ಕೋಳಿಗೆ ನುಚ್ಚು ಹಾಕಿದಳು. ಆಮೇಲೆ ಮಾತು ಶುರುವಾಯಿತು.

"ಹಪ್ಪಳಕ್ಕೆ ಯಾಕೆ ಅಷ್ಟು ಸಣ್ಣ ಪೊಟ್ಟಣ? ಮನೆಮಂದಿಗೆ ಸಾಕಾಗುತ್ತಾ?"

"ಬಸ್ಸಿನವರು ಸಣ್ಣದೇ ಕೇಳ್ತಾರೆ, ಮೆಕ್."

"ಬಸ್ಸಿನವರು ಇವತ್ತು ಬರ್ತಾರೆ, ನಾಳೆ ಇಲ್ಲ. ಊರವರು ಎಲ್ಲಿ ಹೋದ್ರು? ಹಾಜಿ ಸಮದ್ ಹೆಂಡತಿ ಈಗ ಬುದು ಎಲ್ಲಿ ತಗೋತಾಳೆ?"

"ಅವರು ತೀರಿಕೊಂಡು ವರ್ಷ ಆಯ್ತು."

ಮೆಕ್ ಸೋಮ್ ಎತ್ತಿದ ಹಿಮ್ಮಡಿ ನೆಲಕ್ಕಿಳಿಸಿದಳು. "ನಂಗ್ಯಾರೂ ಹೇಳಲಿಲ್ಲ," ಅಂದಳು.

ಒಂದು ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದರು. ಹುಣಿಸೆ ಹಾಕಿದ ಮೀನಿನ ಸಾರು, ಹಸಿ ಸೊಪ್ಪು, ಬುದು. ಸುರಾಯಾಳ ಗಂಡ ಫೌಜಿ ಮೀನು ಬಂದರಿಗೆ ಐಸ್ ಸಾಗಿಸುವ ಲಾರಿ ಓಡಿಸುತ್ತಿದ್ದ. ಹಸಿದು ಬಂದವನು ತಟ್ಟೆಯಿಂದ ತಲೆ ಎತ್ತಿರಲಿಲ್ಲ.

"ಉಪವಾಸದ ತಿಂಗಳು ಬರ್ತಿದೆ," ಅಂದಳು ಮೆಕ್ ಸೋಮ್. "ಹಬ್ಬದ ವ್ಯಾಪಾರಕ್ಕೆ ನಾನೇ ಕೂತ್ಕೋತೀನಿ."

ಫೌಜಿ ಅಗಿಯುವುದನ್ನು ನಿಲ್ಲಿಸಿದ. "ಎಲ್ಲಿ?"

"ಮಸೀದಿ ಗೋಪುರದ ಮೇಲೆ! ಎಲ್ಲಿ ಅಂತ ಕೇಳ್ತಾನೆ. ನನ್ನ ಕಟ್ಟೆ ಮೇಲೆ."

"ಸುರಾಯಾ ಇದಾಳಲ್ಲ ಮೆಕ್."

"ಅವಳು ಮನೇಲಿ ಇರ್ತಾಳೆ. ಅವಳೂ ಸ್ವಲ್ಪ ವಿಶ್ರಾಂತಿ ತಗೊಳ್ಳಲಿ."

ಸುರಾಯಾ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಪಾತ್ರೆಯಲ್ಲಿ ಸಾರು ಇನ್ನೂ ಅರ್ಧದಷ್ಟಿತ್ತು, ಬಡಿಸಬೇಕಾಗಿತ್ತು. ಮಾವ ಖಾಲಿ ಸೌಟು ಹಿಡಿದು ಬಾಗಿಲ ಕಡೆ ನೋಡುತ್ತ ಕೂತ.

ಮಲಗುವ ಕೋಣೆಯಲ್ಲಿ ಅವಳು ಗಂಡನಿಗೆ ಹೇಳಿದಳು: "ರೀ, ನೀವು ಒಂದು ಮಾತು ಆಡಬಹುದಿತ್ತು."

"ಏನಂತ ಆಡಲಿ? ಕಟ್ಟೆ ಅವಳ ಹೆಸರಲ್ಲಿದೆ."

"ನಾಲ್ಕು ವರ್ಷ ನಾನು ಕೂತಿದ್ದಕ್ಕೆ ಹೆಸರಿಲ್ವಾ?"

"ಅವಳು ಕಟ್ಟೆ ಹತ್ತಿ ಕೂರೋದು ಆಗಹೋಗದ ಮಾತು ಸುರಾಯಾ. ಹತ್ತೋದಾದ್ರೂ ಹೇಗೆ? ಸುಮ್ನೆ ಆಸೆಗೆ ಹೇಳ್ತಾಳೆ."

"ಆಗಹೋಗದ ಮಾತಲ್ಲ. ನೀವು ಬೆಳಗ್ಗೆ ಮಲಗಿರ್ತೀರಿ. ನಾನು ನೋಡ್ತಿದೀನಿ."

ಅದಾಗಿ ಒಂದು ವಾರಕ್ಕೆ ಮೆಕ್ ಸೋಮ್ ಬಿದ್ದಳು.

ಆ ಬೆಳಗ್ಗೆ ಅವಳಿಗೆ ಎಂದಿಗಿಂತ ಹುರುಪು. ಒಂದು ಪಾದದ ಮುಂದೆ ಒಂದು ಪಾದ ಇಟ್ಟು ನಿಂತು, ನಾಜೀರಾ ಹೇಳಿಕೊಟ್ಟಂತೆ ತಲೆಯನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ತಿರುಗಿಸುತ್ತ ಮಾತಾಡುತ್ತಿದ್ದಳು. "ಆ ಬಣ್ಣದ ಚೀಟಿಗಳನ್ನೆಲ್ಲ ತೆಗೆದುಬಿಡು. ಜನ ನನ್ನ ಮುಖ ನೋಡಿ ಕೊಳ್ತಾರೆ, ಚೀಟಿ ನೋಡಿ ಅಲ್ಲ. ಮುಂದಿನ ಸೋಮವಾರ ನಾನೇ ಬಂದು..."

ಆಮೇಲೆ ದಪ್ಪನೆಯ ಸದ್ದು. ಬೋಗುಣಿ ಉರುಳಿತು. ಮೆಕ್ ಸೋಮ್ ಸಿಂಕಿನ ಕೆಳಗೆ, ಎಡಗೈ ಮೈಯಡಿಗೆ ಸಿಕ್ಕಿಕೊಂಡು ಬಿದ್ದಿದ್ದಳು. ಸುರಾಯಾ ಎರಡು ಮಾರು ದೂರ, ಒಲೆಯ ಹತ್ತಿರ ನಿಂತಿದ್ದಳು.

ಮಣಿಕಟ್ಟಿನ ಮೂಳೆ ಸೀಳಿತ್ತು. ಆಸ್ಪತ್ರೆಯಲ್ಲಿ ಪ್ಲಾಸ್ಟರು ಹಾಕಿ ಮನೆಗೆ ಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಕುವಾಲಾ ತೆರೆಂಗಾನುವಿನಿಂದ ಹಿರಿಮಗಳು ಸಲ್ವಾನಿ ಕಾರು ಓಡಿಸಿಕೊಂಡು ಬಂದಿಳಿದಳು. ಶಾಲೆಯೊಂದರಲ್ಲಿ ಕೆಲಸ, ನಿಂತಲ್ಲೇ ನಾಲ್ಕು ಜನರಿಗೆ ಕೆಲಸ ಹೇಳುವ ಗಂಟಲು. ಕಾರಿನ ಡಿಕ್ಕಿಯಲ್ಲಿ ಗಾಲಿಕುರ್ಚಿ ಮಡಚಿ ತಂದಿದ್ದಳು.

"ಯಾರಿದ್ರು ಹತ್ತಿರ?" ಎಂದು ಕೇಳಿದಳು, ಚಪ್ಪಲಿ ಬಿಡುವ ಮೊದಲೇ.

"ನಾನಿದ್ದೆ," ಅಂದಳು ಸುರಾಯಾ.

"ಇದ್ದು ಏನು ಮಾಡ್ತಿದ್ದೆ?"

"ಒಲೆ ಆರಿಸೋಕೆ ತಿರುಗಿದೆ. ಅನ್ನ ಉಕ್ಕುತ್ತಿತ್ತು."

"ಅನ್ನ ಉಕ್ಕಿದ್ರೆ ಒರೆಸಬಹುದು. ಇವಳ ಕೈ ಮುರಿದಿದ್ದನ್ನ ಏನು ಮಾಡ್ತೀಯ?"

"ಸಲ್ವಾನಿ," ಎಂದು ಫೌಜಿ ತಡೆಯಲು ಹೋದ.

"ನೀನು ಬಾಯಿ ಮುಚ್ಚು. ಹೆಂಡ್ತಿ ಸೆರಗು ಬಿಟ್ಟು ಒಂದು ದಿನ ಮಾತಾಡಿದೀಯಾ? ನಂಗೆ ಗೊತ್ತಿಲ್ಲ ಅಂದ್ಕೊಂಡಿದೀರಾ? ಮೆಕ್ ಮಾರುಕಟ್ಟೆಗೆ ಬರ್ತೀನಿ ಅಂದಿದ್ದು ವಾರದ ಹಿಂದೆ. ವಾರದೊಳಗೆ ಬಿದ್ದಳು. ಮಕ್ಕಳಿಲ್ಲ ಮರಿಯಿಲ್ಲ, ಕಟ್ಟೆನೇ ಮಗು ಅಂತ ಅಪ್ಪಿಕೊಂಡಿದಾಳೆ ಇವಳು."

ಫೌಜಿ ಎದ್ದು ನಿಂತ. ಮಾವ "ಅಲ್ಲಾಹ್, ಅಲ್ಲಾಹ್" ಎನ್ನುತ್ತ ಹಣೆ ಒತ್ತಿಕೊಂಡ. ಆಗ ಹಾಸಿಗೆಯಿಂದ ಮೆಕ್ ಸೋಮಳ ದನಿ ಬಂತು, ಗಡುಸಾಗಿ.

"ನಾನೇ ಹೇಳಿದೆ, ಒಲೆ ಆರಿಸು ಅಂತ."

ಎಲ್ಲರೂ ತಿರುಗಿದರು.

"ಅನ್ನ ಉಕ್ಕುತ್ತಿತ್ತು. ಹೋಗಿ ಆರಿಸು ಅಂದೆ. ಹೋದಳು. ನಾನು ಬಿದ್ದೆ. ಇದರಲ್ಲಿ ಇನ್ನೇನಿದೆ? ನಂಗೆ ಚಹಾ ಬೇಕು."

ಚಹಾ ಮಾಡಲು ಹೋದ ಸುರಾಯಾ ಒಲೆಯ ಮುಂದೆ ಬಹಳ ಹೊತ್ತು ನಿಂತಳು. ಬೆಳಗಿನ ಅನ್ನದ ಪಾತ್ರೆ ಇನ್ನೂ ಅಲ್ಲೇ ಇತ್ತು. ಅದರ ಮುಚ್ಚಳದಲ್ಲಾಗಲಿ, ಹೊರಮೈಯಲ್ಲಾಗಲಿ ಉಕ್ಕಿದ ಗಂಜಿಯ ಒಂದು ಗೆರೆಯೂ ಇರಲಿಲ್ಲ. ಅವಳು ಅದನ್ನು ಸಿಂಕಿಗೆ ಹಾಕಿ ತಿಕ್ಕಿ ತಿಕ್ಕಿ ತೊಳೆದಳು.

ಸಲ್ವಾನಿ ರಜೆ ಹಾಕಿ ಉಳಿದುಕೊಂಡಳು. ಮನೆ ಅವಳ ಕೈಗೆ ಹೋಯಿತು. ಊಟ ಹಾಸಿಗೆಗೇ ಬಂತು, ಸ್ನಾನಕ್ಕೆ ಗಾಲಿಕುರ್ಚಿ ಬಂತು. ಅಡುಗೆಮನೆಯ ಬಾಗಿಲಲ್ಲಿ ಅದು ಹಿಡಿಸದಿದ್ದುದರಿಂದ ಮೆಕ್ ಸೋಮ್ ಅಡುಗೆಮನೆ ನೋಡುವುದೇ ನಿಂತಿತು. "ಕುಡಿಯೋ ನೀರಿಗೂ ಏಳಬೇಡ, ನನ್ನ ಕೂಗು," ಎಂದು ಸಲ್ವಾನಿ ತಾಯಿಯ ಕೂದಲು ಬಾಚಿದಳು, ಪಾದಕ್ಕೆ ಎಣ್ಣೆ ತೀಡಿದಳು. ಪ್ರೀತಿಯಿಂದಲೇ ಮಾಡಿದಳು, ಅದನ್ನು ಯಾರೂ ಇಲ್ಲವೆನ್ನುವಂತಿರಲಿಲ್ಲ. ಸುರಾಯಾಳ ಕೈಯಿಂದ ಮಾತ್ರ ತಟ್ಟೆಯನ್ನೂ ಇಸಿದುಕೊಂಡು ತಾನೇ ಕೊಡುತ್ತಿದ್ದಳು.

"ಪ್ಲಾಸ್ಟರು ಬಿಚ್ಚಿದ ಮೇಲೆ ಮೆಕ್‌ನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ," ಎಂದು ಅಪ್ಪನಿಗೆ ಹೇಳಿದಳು. "ನಮ್ಮದು ನೆಲಮನೆ. ಮೆಟ್ಟಿಲಿಲ್ಲ, ಒಂಟಿಕಾಲಿನ ಆಟ ಇಲ್ಲ."

"ನಾನು?" ಅಂದ ದೆರಾಮನ್.

"ನೀನೂ ಬಾ."

"ನಾನು ಬರಲ್ಲಪ್ಪ. ಅಲ್ಲಿ ಪಕ್ಕದ ಮನೆಯವರ ಹೆಸರೇ ನಿಮಗೆ ಗೊತ್ತಿಲ್ಲ."

ದಿನಗಳು ಕಳೆದಂತೆ ಮೆಕ್ ಸೋಮ್ ಕುಗ್ಗಿದಳು. ಮುಂಜಾನೆಯ ಬಿಗಿತ ಮಧ್ಯಾಹ್ನದವರೆಗೂ ಉಳಿಯತೊಡಗಿತು. ಮೊಣಕಾಲು ಊದಿತು. ಬಚ್ಚಲ ಕುರ್ಚಿಯಿಂದ ಎಬ್ಬಿಸಲು ಮಗಳೊಬ್ಬಳಿಗೆ ಆಗದೆ ಫೌಜಿ ಬರಬೇಕಾಯಿತು. ಮಗನೆದುರು ಅರೆಬಟ್ಟೆಯಲ್ಲಿ ಕೂತಿದ್ದ ಮೆಕ್ ಸೋಮ್ ಕಣ್ಣು ಮುಚ್ಚಿಕೊಂಡಳು. ಆ ದಿನ ಅವಳು ಊಟ ಮಾಡಲಿಲ್ಲ.

ಮೆಕ್ ಸೋಮ್ ಸೊಸೆಯೊಡನೆ ಮಾತಾಡಿದ್ದು ಬಿದ್ದ ಮೂರನೇ ಶುಕ್ರವಾರ. ಗಂಡಸರು ಮಸೀದಿಗೆ ಹೋಗಿದ್ದರು. ಸಲ್ವಾನಿ ಔಷಧಿ ತರಲು ಪೇಟೆಗೆ ಹೋಗಿದ್ದಳು. ಸುರಾಯಾ ಮಡಚಿದ ಬಟ್ಟೆಗಳನ್ನು ಅತ್ತೆಯ ಕಪಾಟಿನಲ್ಲಿಟ್ಟು ಮೆಲ್ಲಗೆ ಹೊರಡುತ್ತಿದ್ದಳು.

"ಒಲೆ ಉರೀತಿರಲಿಲ್ಲ," ಅಂದಳು ಮೆಕ್ ಸೋಮ್.

ಸುರಾಯಾ ಬಾಗಿಲಲ್ಲೇ ನಿಂತಳು.

"ಅನ್ನ ಆಗ್ಲೇ ಆಗಿತ್ತು. ಒಲೆ ಆರಿ ಅರ್ಧ ಗಂಟೆ ಆಗಿತ್ತು. ಬೋಗುಣಿಗೆ ಬಿಸಿನೀರು ಕೊಟ್ಟವಳೇ ನೀನು, ಆರಿಸಿದವಳೂ ನೀನೇ."

ಸುರಾಯಾ ಬಾಗಿಲ ಚೌಕಟ್ಟು ಹಿಡಿದು ಕೆಳಗೆ ಕೂತಳು. ಹೊರಗೆ ಧ್ವನಿವರ್ಧಕದಲ್ಲಿ ಪ್ರವಚನ ಕೇಳುತ್ತಿತ್ತು.

"ಚೀಟಿ ತೆಗೆದುಬಿಡು ಅಂದ್ರಿ," ಅಂದಳು ಕೊನೆಗೆ. "ಸೋಮವಾರ ಬರ್ತೀನಿ ಅಂದ್ರಿ. ನಂಗೆ... ಕೈ ಕೆಳಗೆ ಬಂತು. ತಿರುಗಿ ಹೊರಟುಬಿಟ್ಟೆ. ಬೀಳ್ತೀರಿ ಅಂತ ಅನಿಸಲೇ ಇಲ್ಲ ಮೆಕ್. ಸಾಕು ಈ ಮಾತು ಅಂತ ಹೊರಟೆ, ಅಷ್ಟೇ. ಬೀಳಲಿ ಅಂತ ಅಲ್ಲ."

"ಬೀಳಲಿ ಅಂತ ಅಲ್ಲ ಅನ್ನೋದು ನಂಗೊತ್ತು. ಬೀಳಬಾರದು ಅಂತಲೂ ಇರಲಿಲ್ಲ ನಿನ್ನ ಮನಸ್ಸಲ್ಲಿ."

ಸುರಾಯಾ ಅಳತೊಡಗಿದಳು. ಮೆಕ್ ಸೋಮ್ ತಡೆಯಲಿಲ್ಲ. ಒಂದಿಷ್ಟು ಹೊತ್ತು ಬಿಟ್ಟು, "ಅತ್ತಿದ್ದು ಸಾಕು. ಅವಳು ಬಂದುಬಿಡ್ತಾಳೆ," ಅಂದಳು.

"ಮತ್ತೆ ಅವತ್ತು ಯಾಕೆ ಸುಳ್ಳು ಹೇಳಿದ್ರಿ, ನೀವೇ ಆರಿಸೋಕೆ ಹೇಳಿದ್ದು ಅಂತ?"

"ನಿನ್ನ ಮೇಲಿನ ಮಮಕಾರಕ್ಕೆ ಅಂದ್ಕೊಂಡ್ಯಾ? ನಿನ್ನನ್ನ ಓಡಿಸಿದ್ರೆ ನನ್ನ ಪಕ್ಕ ಯಾರು ನಿಲ್ತಾರೆ? ನನ್ನ ಮಗಳಾ? ಅವಳು ನನ್ನನ್ನ ಹಿಡ್ಕೊಂಡ್ರೆ ಎಲುಬು ಕಿರುಗುಟ್ಟುತ್ತೆ. ಅವಳ ಕೈಯಲ್ಲಿ ನಾನು ನಿಲ್ಲೋದೇ ಇಲ್ಲ, ಅವಳೇ ನನ್ನನ್ನ ನಿಲ್ಲಿಸ್ತಾಳೆ. ನೋಡಿದ್ಯಲ್ಲ, ಬಚ್ಚಲಿಂದ ಎಬ್ಬಿಸೋಕೆ ಮಗ ಬರಬೇಕಾಯ್ತು. ಮತ್ತೊಂದು ಸಲ ಹಾಗಾಗೋದಾದ್ರೆ ನಾನು ಈ ಮನೆ ಬಾವಿ ನೋಡ್ಕೋತೀನಿ."

"ಹಾಗೆಲ್ಲ ಅನ್ನಬೇಡಿ."

"ಹಾಗಾದ್ರೆ ಏಳು. ಆ ಕುರ್ಚಿ ಇಲ್ಲಿ ಎಳಿ. ಕೈಗೆ ಪ್ಲಾಸ್ಟರು ಹಾಕಿದಾರೆ, ಕಾಲಿಗೆ ಹಾಕಿಲ್ಲ."

ಸುರಾಯಾ ಕಣ್ಣೊರೆಸಿಕೊಂಡಳು, ಆದರೆ ಏಳಲಿಲ್ಲ. "ನಾಜೀರಾ ಅವರನ್ನ ಕೇಳದೆ ನಾನು ಏನೂ ಮಾಡಿಸಲ್ಲ. ಮತ್ತೆ ಬಿದ್ರೆ ನನ್ನ ಗತಿ ಏನು? ಮೊದಲು ಫೋನು ಮಾಡ್ತೀನಿ."

"ಮಾಡು, ಬೇಗ."

"ಇನ್ನೊಂದು ಮಾತು. ಕಟ್ಟೆ ನಾನು ಬಿಡಲ್ಲ."

ಮೆಕ್ ಸೋಮ್ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. "ನಾನೂ ಬಿಡಲ್ಲ. ಫೋನು ಮಾಡು."

ನಾಜೀರಾ ಫೋನಿನಲ್ಲಿ ಮೊದಲು ಗದರಿದಳು, ಬಿದ್ದ ಸುದ್ದಿ ತಿಳಿಸಲಿಲ್ಲವೆಂದು. ಊದಿದ ಮೊಣಕಾಲನ್ನು ವಿಡಿಯೊದಲ್ಲಿ ನೋಡಿದಳು. ಸದ್ಯ ನಿಲ್ಲುವುದು ಬೇಡ. ಕೂತಲ್ಲೇ ಕಾಲು ಚಾಚಿ ಮಡಚಿ ಮಾಡಲಿ, ಊತ ಇಳಿದ ಮೇಲೆ ಎತ್ತರದ ಕುರ್ಚಿಯಿಂದ ಏಳಲಿ, ಸಿಂಕು ಒಂದೇ ಸಾಲದು, ಗಟ್ಟಿಯಾಗಿ ಹಿಡಿಯುವಂಥದ್ದು ಎರಡೂ ಕಡೆ ಇರಲಿ ಅಂದಳು. ಮರುದಿನದಿಂದ ಸಲ್ವಾನಿ ಸ್ನಾನಕ್ಕೆ ಹೋದಾಗ, ಸಂತೆಗೆ ಹೋದಾಗ, ಅತ್ತೆ ಸೊಸೆ ಕಳ್ಳರಂತೆ ವ್ಯಾಯಾಮ ಮಾಡಿದರು. ಊತ ಇಳಿಯಿತು. ಮೆಕ್ ಸೋಮ್ ಎತ್ತರದ ಕುರ್ಚಿಯಿಂದ ಎದ್ದು ನಿಂತ ದಿನವೇ ಸಿಕ್ಕಿಬಿದ್ದರು.

ಸಲ್ವಾನಿ ಮೈಮೇಲೆ ಟವಲು ಸುತ್ತಿಕೊಂಡೇ ಬಂದಳು. "ಏನು ನಡೀತಿದೆ ಇಲ್ಲಿ? ಮೆಕ್, ಕೂತ್ಕೋ! ಸುರಾಯಾ, ನಿಂಗೆ ನಾಚಿಕೆ ಆಗಲ್ವಾ? ಒಂದು ಸಲ ಬೀಳಿಸಿದ್ದು ಸಾಲದಾಯ್ತಾ?"

ಮಾವ ಓಡಿಬಂದ. ಸುರಾಯಾಳ ಕೈ ಅತ್ತೆಯ ಮೊಣಕೈ ಕೆಳಗೇ ಇತ್ತು. ಅವಳು ಅದನ್ನು ತೆಗೆಯಲಿಲ್ಲ.

"ಅವಳನ್ನ ಬೈಬೇಡ," ಅಂದಳು ಮೆಕ್ ಸೋಮ್, ನಿಂತೇ. "ನಾನು ಹೇಳಿದ್ದಕ್ಕೆ ಮಾಡಿಸ್ತಿದಾಳೆ. ಆಸ್ಪತ್ರೆಯವರೂ ಹೇಳಿದಾರೆ."

"ನಾನು ಇಷ್ಟು ದಿನ ರಜೆ ಹಾಕಿ, ಗಂಡ ಮಕ್ಕಳನ್ನ ಬಿಟ್ಟು, ನಿನ್ನ ಉಚ್ಚೆ ಬಟ್ಟೆ ಒಗೆದಿದೀನಿ. ಅದಕ್ಕೆ ಇದಾ ಮರ್ಯಾದೆ? ನನ್ನ ಬೆನ್ನ ಹಿಂದೆ ಇವಳ ಜೊತೆ ಸೇರ್ಕೊಂಡು?"

"ಉಚ್ಚೆ ಬಟ್ಟೆ ಒಗೆಯೋ ಹಾಗೆ ಆಗಿದ್ದು ಯಾಕೆ ಅಂತ ಕೇಳ್ಕೊಂಡ್ಯಾ? ಬೀಳೋ ಮೊದಲು ನಾನು ಬಚ್ಚಲಿಗೆ ನಾನೇ ಹೋಗ್ತಿದ್ದೆ. ಕೈ ಮುರಿದಿದ್ದು ನೆಲ. ಕಾಲು ಮುರಿದವಳು ನೀನು, ಮುದ್ದು ಮಾಡಿ ಮಾಡಿ."

ಸಲ್ವಾನಿ ಟವಲು ಬಿಗಿದುಕೊಂಡಳು. ಕಣ್ಣು ತುಂಬಿತು. "ನಂಗೆ ಭಯ ಮೆಕ್," ಅಂದಳು. ಆ ಗಂಟಲಿನಿಂದ ಅಂಥ ಸಣ್ಣ ದನಿ ಬರಬಹುದೆಂದು ಸುರಾಯಾಳಿಗೆ ಗೊತ್ತಿರಲಿಲ್ಲ. "ಫೋನು ಬಂದಾಗೆಲ್ಲ ನೀನು ಬಿದ್ದೆ ಅಂತಲೇ ಅನ್ಸುತ್ತೆ."

"ನಂಗೂ ಭಯಾನೇ. ಆದ್ರೂ ನಿಂತಿದೀನಿ ನೋಡು."

ಮೆಕ್ ಸೋಮಳ ಕಾಲು ನಡುಗತೊಡಗಿತ್ತು. ಎಲ್ಲರಿಗೂ ಕಂಡಿತು. ಸಲ್ವಾನಿ ಮುಂದೆ ಧಾವಿಸಿದಳು, ಮಾವ ಅವಳ ತೋಳು ಹಿಡಿದು ನಿಲ್ಲಿಸಿದ. ಮೆಕ್ ಸೋಮ್ ಮೆಲ್ಲಗೆ ಬಾಗಿ, ಕೈಯೂರದೆ, ತಾನೇ ಕುರ್ಚಿಯಲ್ಲಿ ಕೂತಳು.

ದೆರಾಮನ್ ಕಂಬಗಳ ಮೇಲೆ ನಿಂತ ಮನೆಯ ಅಡಿಗೆ ಇಳಿದು ಹೋದ. ದೋಣಿಗೆಂದು ಎಂದೋ ಎತ್ತಿಟ್ಟ ಚೆಂಗಾಲ್ ಮರದ ಪಟ್ಟಿಗಳು ಅಲ್ಲಿದ್ದವು. ಮಧ್ಯಾಹ್ನವೆಲ್ಲ ಉಜ್ಜುವ ಸದ್ದು. ಸಂಜೆಯ ಹೊತ್ತಿಗೆ ಅಡುಗೆಮನೆಯ ಎರಡು ಗೋಡೆಗೂ ಸೊಂಟದೆತ್ತರಕ್ಕೆ ಹಿಡಿಕೆ ಬಂದಿತ್ತು. ಸರಿಯಾಗಿ ಕಾಣದ ಕಣ್ಣಿನಲ್ಲಿ ಬೆರಳಿನಿಂದಲೇ ತಡವಿ ನಯಮಾಡಿದ್ದ. ಊದಿದ ಗೆಣ್ಣಿಗೆ ಹಿಡಿಯಲು ಬರುವಂತೆ ದಪ್ಪವಾಗಿ, ದುಂಡಗೆ.

"ಇದು ಹಿಡ್ಕೊಂಡು ಬಿದ್ರೆ ನನ್ನ ಮರ್ಯಾದೆ ಹೋಗುತ್ತೆ," ಅಂದ ಹೆಂಡತಿಗೆ. "ನೋಡ್ಕೊಂಡು ಬೀಳು."

ಸಲ್ವಾನಿ ಇನ್ನೆರಡು ದಿನವಿದ್ದು ಹೊರಟಳು. ಗಾಲಿಕುರ್ಚಿಯನ್ನು ಬಿಟ್ಟುಹೋದಳು, "ಬೇಕಾಗುತ್ತೆ, ನೋಡ್ತಿರಿ" ಎಂದು. ಸುರಾಯಾಳಿಗೆ ಕ್ಷಮೆ ಕೇಳಲಿಲ್ಲ. ಕಾರಿನ ಕಿಟಕಿ ಇಳಿಸಿ, "ಬೆಳಗ್ಗೆ ಮಾಡಿಸುವಾಗ ನಂಗೆ ವಿಡಿಯೊ ಕಾಲ್ ಮಾಡು, ನೋಡ್ತೀನಿ," ಎಂದಷ್ಟೇ ಹೇಳಿದಳು. ಅಂದಿನಿಂದ ಒಲೆಯ ಪಕ್ಕ ಆನಿಸಿಟ್ಟ ಫೋನಿನಲ್ಲಿ ಸಲ್ವಾನಿಯ ಮುಖ, "ಅಯ್ಯೋ ಮೆಕ್, ಹುಷಾರು!" ಎಂದು ಕೂಗುತ್ತ ಅವರಿಬ್ಬರ ಏಕಾಗ್ರತೆ ಕೆಡಿಸುತ್ತಿತ್ತು.

ಉಪವಾಸದ ತಿಂಗಳು ಅರ್ಧ ಕಳೆಯಿತು. ಪ್ಲಾಸ್ಟರು ಬಿಚ್ಚಿದ್ದರು. ಕಟ್ಟೆಯ ಮಾತು ಯಾರೂ ಎತ್ತಿರಲಿಲ್ಲ. ಒಂದು ಬೆಳಗ್ಗೆ ಫೌಜಿ ಲಾರಿ ತೆಗೆಯುವಾಗ ಮೆಕ್ ಸೋಮ್ ಹೊರಗೆ ಹೋಗುವ ಬಟ್ಟೆಯುಟ್ಟು ಮೆಟ್ಟಿಲಿಳಿದು ಬಂದು, "ಮಾರುಕಟ್ಟೆಗೆ ಬಿಡು," ಅಂದಳು. ಅವನು ಹೆಂಡತಿಯ ಮುಖ ನೋಡಿದ. ಸುರಾಯಾ ತನ್ನ ಬುಟ್ಟಿ ಎತ್ತಿಕೊಂಡು ಪಕ್ಕದಲ್ಲಿ ಹತ್ತಿ ಕೂತಳು.

ಹಬ್ಬದ ವ್ಯಾಪಾರದ ಜನ. ಮೆಕ್ ಸೋಮಳನ್ನು ಕಂಡು ಹೆಂಗಸರೆಲ್ಲ ಕೈಯಲ್ಲಿದ್ದುದನ್ನು ಬಿಟ್ಟು ನೋಡಿದರು. ಜೈನಬ್ ಕೂಡ ತಮಾಷೆ ಮರೆತಳು. ಕಟ್ಟೆ ಮೊಣಕಾಲಿನೆತ್ತರ, ಮಧ್ಯೆ ಒಂದು ಮರದ ಮಣೆ ಮೆಟ್ಟಿಲಿನಂತಿತ್ತು. ಮೆಕ್ ಸೋಮ್ ಚಪ್ಪಲಿ ಬಿಟ್ಟಳು. ಕಂಬವನ್ನು ಅಂಗೈಯಿಂದ ಮುಟ್ಟಿ ಒಂದು ಕಾಲು ಮಣೆಯ ಮೇಲಿಟ್ಟಳು, ಆ ಕಾಲಿನ ಮೇಲೆ ಇಡೀ ಮೈ ಬಿಟ್ಟು ಇನ್ನೊಂದನ್ನು ಎತ್ತಿದಳು. ಒಂದು ಕ್ಷಣ ವಾಲಿದಳು. ಸುರಾಯಾಳ ಕೈ ಮೊಣಕೈ ಕೆಳಗಿತ್ತು. ಮುಟ್ಟಲಿಲ್ಲ. ಮೆಕ್ ಸೋಮ್ ಸಾವರಿಸಿಕೊಂಡು ಮೇಲೆ ಹತ್ತಿದಳು. ಕೆಳಗೆ ಕೂರುವುದು ಆಗದ ಮಾತಾದ್ದರಿಂದ ಸುರಾಯಾಳ ಪ್ಲಾಸ್ಟಿಕ್ ಸ್ಟೂಲೆಳೆದು ಅದರ ಮೇಲೆ ಕೂತಳು. ತನ್ನ ಮುಂದಿನ ಬಣ್ಣದ ಚೀಟಿಗಳನ್ನು, ಸಣ್ಣ ಪೊಟ್ಟಣಗಳನ್ನು ಒಂದೊಂದಾಗಿ ನೋಡಿದಳು.

ಎಲ್ಲರೂ ಸುರಾಯಾ ಏನು ಮಾಡುತ್ತಾಳೆಂದು ಕಾಯುತ್ತಿದ್ದರು. ಸುರಾಯಾ ಬುಟ್ಟಿ ಹಿಡಿದೇ ಕಟ್ಟೆ ಹತ್ತಿದಳು. ಹಪ್ಪಳದ ಪೊಟ್ಟಣಗಳನ್ನೆಲ್ಲ ಬಾಚಿ ಬಲಗಡೆಗೆ ಎಳೆದುಕೊಂಡಳು. ಬುದುವಿನ ಬಾಟಲಿಗಳನ್ನು ಎಡಗಡೆಗೆ ತಳ್ಳಿದಳು. ಮಧ್ಯೆ ತಕ್ಕಡಿಯಿಟ್ಟಳು.

"ಇಲ್ಲಿಂದ ಆಚೆ ನಿಮ್ಮದು," ಅಂದಳು, ಏದುಸಿರು ಬಿಡುತ್ತ. "ಈಚೆ ನನ್ನದು. ಒಂದು ಗೇಣು ಕೂಡ ಹೆಚ್ಚು ಕೊಡಲ್ಲ."

ಮೆಕ್ ಸೋಮ್ ತಕ್ಕಡಿಯನ್ನು ನೋಡಿದಳು, ಸೊಸೆಯನ್ನು ನೋಡಿದಳು.

"ಒಣಮೀನು?"

"ಒಣಮೀನು ನನ್ನ ಕಡೆ."

"ಹೋಗೇ. ಬರೀ ಬುದು ಇಟ್ಕೊಂಡು ನಾನೇನು ಕುಡೀಲಾ? ಒಣಮೀನು ಈ ಕಡೆ ಬರಲಿ."

"ಅರ್ಧ."

"ದೊಡ್ಡ ಮೀನಿನ ಅರ್ಧ."

ಸುರಾಯಾ ಹಲ್ಲು ಕಚ್ಚಿ ದೊಡ್ಡ ಮೀನುಗಳ ಒಂದು ರಾಶಿಯನ್ನು ತಕ್ಕಡಿಯ ಆಚೆ ಸರಿಸಿದಳು. ಎದುರಿನ ಕಟ್ಟೆಯಲ್ಲಿ ಜೈನಬ್ ಬಾಯಿಗೆ ತಲೆವಸ್ತ್ರದ ತುದಿ ಒತ್ತಿಕೊಂಡಳು.

ಅಷ್ಟರಲ್ಲಿ ಹಳೆಯ ಗಿರಾಕಿಯೊಬ್ಬಳು, ತಲೆಯ ಮೇಲೆ ಬುಟ್ಟಿ ಹೊತ್ತ ಮುದುಕಿ, ಗುಂಪು ಸೀಳಿಕೊಂಡು ಬಂದು ಕಣ್ಣು ಕಿರಿದುಮಾಡಿ ನೋಡಿದಳು. "ಯಾ ಅಲ್ಲಾಹ್! ಮೆಕ್ ಸೋಮ್! ಬಂದ್ಯಾ ತಾಯಿ? ಪೂರ್ತಿ ವಾಸಿಯಾಯ್ತಾ?"

"ವಾಸಿ ಆಗಿಲ್ಲ," ಅಂದಳು ಮೆಕ್ ಸೋಮ್, ಸೊಟ್ಟ ಬೆರಳುಗಳಿಂದ ಬುದುವಿನ ಬಾಟಲಿಯೊಂದನ್ನು ಮುಂದಕ್ಕೆ ತಳ್ಳುತ್ತ. "ಆಗೋದೂ ಇಲ್ಲ. ಎಷ್ಟು ಬಾಟಲಿ ಬೇಕು, ಹೇಳು."